ಪಂಕಜಾಕ್ಷಿ ಮತ್ತು ಗೆಜ್ಜೆಕಾಲಿನ ನುಸಿ

ಹಾಗಲ್ಲ, ನೀನು ಕೇಳಿದ್ದು ಅರ್ಧ ಕಥೆ. ಆಟೋಸ್ಟ್ಯಾಂಡಿನಲ್ಲಿ ಹೇಳುವುದೆಲ್ಲ ಅರ್ಧ ಕಥೆಯೇ. ಉಳಿದರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಬಾಡಿಗೆ ಸಿಕ್ಕಿರುತ್ತದೆ. ಇಲ್ಲಿ ಗಾಳಿ ಬರುವ ಕಡೆ ಕೂತುಕೋ. ಬೆಂಚಿನ ಆ ತುದಿ ಬೇಡ, ಇನ್ನೊಂದು ತುದಿ ಮೇಲೇಳುತ್ತದೆ. ಪಂಕಜಾಕ್ಷಿ ಒಂದು ಹುಡುಗಿಯ ನಿಶ್ಚಯ ಮುರಿಯಲು ಹೊರಟಿದ್ದಳು ಎಂದರಲ್ಲವೇ ನಿನಗೆ? ಅದು ಸುಳ್ಳಲ್ಲ. ಆದರೆ ಬೇಕೆಂದು ಮಾಡಿದ್ದಲ್ಲ. ಅವಳು ನುಸಿಯನ್ನು ನೋಡಿದಳು, ಅಷ್ಟೇ. ನುಸಿ ಎಂದರೆ ಸೊಳ್ಳೆ. ನಮ್ಮ ಕಾಸರಗೋಡಿನ ನೆಕ್ರಾಜೆಯಲ್ಲಿ ಸೊಳ್ಳೆ ಇರುವುದು ಶಾಲೆಯ ಪುಸ್ತಕದಲ್ಲಿ ಮಾತ್ರ, ಕಚ್ಚುವುದೆಲ್ಲ ನುಸಿಯೇ.

ಪಂಕಜಾಕ್ಷಿ ಹುಟ್ಟಿದ್ದು ಎಣ್ಮಕಜೆಯಲ್ಲಿ. ಮದುವೆಗೆ ಮೊದಲೂ ಮದುವೆಯಾಗಿ ಇಲ್ಲಿಗೆ ಬಂದ ಮೇಲೂ, ಒಟ್ಟು ಹದಿನೇಳು ವರ್ಷ, ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ವಿಂಗಡಿಸುವ ಕೆಲಸ ಮಾಡಿದಳು. ಆ ಕೆಲಸ ಸುಲಭವೆಂದು ತಿಳಿಯಬೇಡ. ಮೇಜಿನ ಮೇಲೆ ಬೀಜದ ರಾಶಿ ಸುರಿಯುತ್ತಾರೆ. ಇಡೀ ಬೀಜ ಒಂದು ಕಡೆ, ತುಂಡು ಒಂದು ಕಡೆ, ಹುರಿಯುವಾಗ ಕೆಂಪಾದದ್ದು ಒಂದು ಕಡೆ, ಸಣ್ಣ ಕಪ್ಪು ಚುಕ್ಕೆ ಇದ್ದದ್ದು ಮತ್ತೊಂದು ಕಡೆ. ಕೈ ನಿಲ್ಲಬಾರದು. ಪಕ್ಕದವಳ ಜೊತೆ ಅತ್ತೆಯ ದೂರು ಹೇಳುತ್ತಲೇ ಕಣ್ಣು ಬೀಜದ ಮೇಲೆ ಓಡುತ್ತಿರಬೇಕು. ಚುಕ್ಕೆಯ ಮೇಲೆ ಸಂಶಯ ಬಂದರೆ ಉಗುರಿನಿಂದ ಒಂದು ಕೆರೆತ. ಸಿಪ್ಪೆಯ ಚೂರಾದರೆ ಏಳುತ್ತದೆ, ಬೀಜದ್ದೇ ಕಲೆಯಾದರೆ ಏಳುವುದಿಲ್ಲ. ಫ್ಯಾಕ್ಟರಿ ಮುಚ್ಚಿತು, ಕಣ್ಣು ಮಾತ್ರ ಹಾಗೆಯೇ ಉಳಿಯಿತು. ಅಕ್ಕಿಯಲ್ಲಿ ಕಲ್ಲು, ಗಂಡನ ಮಾತಿನಲ್ಲಿ ಸುಳ್ಳು, ಎರಡನ್ನೂ ಅವಳು ಒಂದೇ ನೋಟಕ್ಕೆ ಹೆಕ್ಕುತ್ತಿದ್ದಳು.

ಗಂಡ ಪುರುಷೋತ್ತಮ. ನಾಯ್ಮಾರ್ಮೂಲೆಯ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಾನೆ. ಒಳ್ಳೆಯವನೇ, ಆದರೆ ಬಾಯಿಗೆ ಬ್ರೇಕ್ ಇಲ್ಲ. ಸುದ್ದಿಗೆ ನಾಯ್ಮಾರ್ಮೂಲೆಯಿಂದ ನೆಕ್ರಾಜೆಗೆ ಬರಲು ಬಸ್ಸು ಬೇಡ, ಪುರುಷೋತ್ತಮ ಊಟಕ್ಕೆ ಬಂದರೆ ಸಾಕು.

ಫ್ಯಾಕ್ಟರಿ ಮುಚ್ಚಿದ ಮೇಲೆ ಪಂಕಜಾಕ್ಷಿ ಆಶಾ ಕಾರ್ಯಕರ್ತೆಯಾದಳು. ಬಸುರಿಯರಿಗೆ ಮಾತ್ರೆ, ಮಕ್ಕಳಿಗೆ ಹನಿ, ಮುದುಕರಿಗೆ ಬೈಗುಳ, ಹೀಗೆ ಮನೆಮನೆ ತಿರುಗುವ ಕೆಲಸ. ನನಗೂ ಎಷ್ಟು ಬೈದಿದ್ದಾಳೆ, ಉಪ್ಪಿನಕಾಯಿ ತಿನ್ನುತ್ತೇನೆಂದು. ಅವಳು ಗೇಟಿನ ಹತ್ತಿರ ಬರುವುದು ಕಂಡರೆ ಭರಣಿಯನ್ನು ಮಂಚದ ಕೆಳಗೆ ಸರಿಸಬೇಕು. ಅದು ಇರಲಿ.

ಎರಡು ಸಾವಿರದ ಹದಿನೇಳರ ಮಳೆಗಾಲ. ಆ ವರ್ಷ ಡೆಂಗಿ ಜ್ವರ ಎಲ್ಲಿ ನೋಡಿದರಲ್ಲಿ. ನಮ್ಮ ವಾರ್ಡಿನಲ್ಲೇ ಇಬ್ಬರು ಮಲಗಿದ್ದರು. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಕೃಷ್ಣಕುಮಾರ, ಪಾಲಕ್ಕಾಡ್ ಕಡೆಯವನು, ಆಶಾದವರನ್ನೆಲ್ಲ ಕೂರಿಸಿ ಗೋಡೆಯ ಮೇಲೆ ನುಸಿಗಳ ಚಿತ್ರ ತೋರಿಸಿದ. ಒಂದೊಂದು ನುಸಿಯೂ ಬಾತುಕೋಳಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಎಲ್ಲದಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಹಿಂದಿನ ಬೆಂಚಿನಲ್ಲಿ ಇಬ್ಬರು ನಿದ್ದೆಗೇ ಜಾರಿದರು. ಪಂಕಜಾಕ್ಷಿ ಮಾತ್ರ ಮುಂದೆ ಬಾಗಿ, ಬೀಜದ ಮೇಜಿನ ಮುಂದೆ ಕೂತವಳಂತೆ ನೋಡುತ್ತಿದ್ದಳು.

"ಚೇಚೀ, ಈಗ ನೀವು ಹೇಳಿ, ಇದು ಯಾವುದು?" ಎಂದು ಕೃಷ್ಣಕುಮಾರ ತನ್ನ ಎರಡು ತಿಂಗಳ ಕನ್ನಡದಲ್ಲಿ ಕೇಳಿದ, ಅಕ್ಕ ಎನ್ನಲು ಮಾತ್ರ ಅವನಿಗೆ ಮಲಯಾಳದ ಚೇಚಿಯೇ ಬರುವುದು.

"ಹೆಸರು ನನ್ನ ನಾಲಗೆಗೆ ಬರುದಿಲ್ಲ ಸಾರ್. ಆದರೆ ಆಳು ಗೊತ್ತಾಯ್ತು. ಇವಳು ತಲೆ ಕೆಳಗೆ ಹಾಕಿ ಹಿಂಭಾಗ ಎತ್ತಿ ಕೂತಿದ್ದಾಳೆ, ನಮಸ್ಕಾರ ಮಾಡುವ ಹಾಗೆ. ಇವಳು ಮಲೇರಿಯದವಳು. ಆಚೆಯವಳು ಬೆನ್ನು ಬಗ್ಗಿಸಿ ಗೋಡೆಗೆ ಅಂಟಿ ಕೂತವಳು, ಗೂನಿ. ಬಣ್ಣವೂ ಇಲ್ಲ, ಬೆಡಗೂ ಇಲ್ಲ, ನಮ್ಮ ಚರಂಡಿಯವಳು. ಆ ಮೂರನೆಯವಳಿಗೆ ಮೈಯಿಡೀ ಉಪ್ಪುಖಾರ ಉದುರಿಸಿದ ಹಾಗೆ ಉಂಟು. ಕೊನೆಯವಳು ಕಪ್ಪು ಮೈ, ಕಾಲಿಗೆ ಬೆಳ್ಳಿಗೆಜ್ಜೆ. ಅವಳೇ ಅಲ್ವಾ ಡೆಂಗಿ ತರುವವಳು?"

ಕೃಷ್ಣಕುಮಾರ ಮತ್ತೆ ಹತ್ತು ಚಿತ್ರ ಹಿಂದುಮುಂದು ಮಾಡಿ ತೋರಿಸಿದ. ಹತ್ತಕ್ಕೆ ಹತ್ತೂ ಸರಿ. ಒಂದರಲ್ಲಿ ಮಾತ್ರ ತುಸು ತಡೆದು, "ಇದು ಗಂಡು, ಮೀಸೆ ಪೊದೆಯ ಹಾಗೆ ಉಂಟು. ಇವನು ಕಚ್ಚುದಿಲ್ಲ" ಎಂದಳು. ಸಂಜೆ ಪುರುಷೋತ್ತಮನಿಗೆ ಆ ಮಾತು ಬಹಳ ಹಿಡಿಸಿತು. "ನೋಡು, ಗಂಡಸರು ಪಾಪ, ಹೂವಿನ ರಸ ಕುಡಿದು ತಮ್ಮಷ್ಟಕ್ಕೆ ಇರ್ತಾರೆ. ರಕ್ತ ಹೀರುದು ಯಾರು? ಹೇಳು, ಯಾರು?" ಎಂದು ಒಂದು ವಾರ ಹೇಳಿದ. ಎಂಟನೆಯ ದಿನ ಅವನಿಗೆ ಮೀನಿನ ಸಾರಿನಲ್ಲಿ ಮೀನು ಇರಲಿಲ್ಲ. ಅಲ್ಲಿಗೆ ನಿಂತಿತು.

ಹೀಗೆ ಶುರುವಾದದ್ದು ನುಸಿ ಗ್ರೂಪ್. ವಾರ್ಡಿನ ಮನೆಮನೆಯವರೂ ಆ ವಾಟ್ಸಾಪ್ ಗ್ರೂಪಿನಲ್ಲಿ. ಮನೆಯೊಳಗೆ ನುಸಿ ಸಿಕ್ಕಿದರೆ ಫೋಟೋ ತೆಗೆದು ಹಾಕಬೇಕು, ಪಂಕಜಾಕ್ಷಿ ನೋಡಿ ಯಾವ ಜಾತಿ ಎಂದು ಬರೆಯಬೇಕು. ಗೂನಿಯಾದರೆ ಚರಂಡಿ ನೋಡಿಕೊಳ್ಳಿ. ಗೆಜ್ಜೆಕಾಲಾದರೆ ಮಾತ್ರ ಮರುದಿನವೇ ಕೃಷ್ಣಕುಮಾರನ ತಂಡ ಆ ಮನೆಗೆ ಹೋಗಿ, ಎಲ್ಲಿ ನೀರು ನಿಂತಿದೆ ಎಂದು ಹುಡುಕಿ ಹೊಗೆ ಹಾಕುವುದು. ಪಂಕಜಾಕ್ಷಿ ನಾಯ್ಮಾರ್ಮೂಲೆಯ ನೌಷಾದನ ಮೊಬೈಲ್ ಅಂಗಡಿಯಿಂದ ಒಂದು ಸಣ್ಣ ಭೂತಗನ್ನಡಿ ತಂದಳು. ಬಟ್ಟೆ ಒಣಗಿಸುವ ಕ್ಲಿಪ್ಪಿನ ಹಾಗೆ ಫೋನಿಗೆ ಕಚ್ಚಿಸುವುದು ಅದು.

ಮೊದಲ ತಿಂಗಳು ಜನ ಹಾಕಿದ ಫೋಟೋಗಳನ್ನು ನೀನು ನೋಡಬೇಕಿತ್ತು. ಒಬ್ಬರು ಗೋಡೆಯ ಮೇಲಿನ ರಕ್ತದ ಕಲೆಯ ಫೋಟೋ ಹಾಕಿ "ಇದು ಯಾವುದು?" ಎಂದು ಕೇಳಿದರು. "ಇದು ನಿಮ್ಮದೇ" ಎಂದು ಬರೆದಳು ಪಂಕಜಾಕ್ಷಿ. ಅಂಗನವಾಡಿಯ ಅನ್ನಪೂರ್ಣೇಶ್ವರಿ ಟೀಚರ್ ಪ್ರತಿ ನುಸಿಯ ಸುತ್ತ ಗುಲಾಬಿ ಹೂವಿನ ಚೌಕಟ್ಟು ಹಾಕಿ, ಮೇಲೆ ಶುಭೋದಯ ಎಂದು ಬರೆದು ಕಳಿಸುತ್ತಿದ್ದರು. ಇನ್ನೊಬ್ಬರ ಫೋನಿನಲ್ಲಿ ಮುಖ ಬೆಳ್ಳಗೆ ಮಾಡುವ ಏನೋ ಒಂದು ಇತ್ತಂತೆ. ಅದರಲ್ಲಿ ನುಸಿಯೂ ಮದುಮಗಳ ಹಾಗೆ ನಯವಾಗಿ ಬಂದು, ಯಾವ ಗೆರೆಯೂ ಕಾಣದೆ ಹೋಯಿತು. ಆದರೂ ಪಂಕಜಾಕ್ಷಿ ತಪ್ಪಲಿಲ್ಲ. ಮೂರು ಗೆಜ್ಜೆಕಾಲು ಹಿಡಿದಳು, ಮೂರು ಮನೆಯಲ್ಲೂ ನೀರು ಸಿಕ್ಕಿತು. ಒಂದು ಕಡೆ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ಒಂದು ಕಡೆ ಮನಿಪ್ಲಾಂಟಿನ ಬಾಟಲಿಯಲ್ಲಿ, ಇನ್ನೊಂದು ಕಡೆ ಗಲ್ಫಿನಲ್ಲಿದ್ದವರ ಬೀಗ ಹಾಕಿದ ಬಚ್ಚಲಿನಲ್ಲಿ. ಜನಕ್ಕೆ ಹೆದರಿಕೆಯೂ ಬಂತು, ನಂಬಿಕೆಯೂ ಬಂತು. ಭಾನುವಾರ ಬೆಳಿಗ್ಗೆ ವಾರ್ಡಿಗೆ ವಾರ್ಡೇ ಚಟ್ಟಿ, ಬಕೆಟ್, ತೆಂಗಿನ ಗೆರಟೆ ಎಲ್ಲ ಬೋರಲು ಹಾಕುತ್ತಿತ್ತು, ಪಂಕಜಾಕ್ಷಿ ಹೇಳಿದಳೆಂದು.

ಈಗ ಉಮ್ಮಾಲಿಮ್ಮನ ಮನೆಗೆ ಬರೋಣ. ಪಂಕಜಾಕ್ಷಿಯ ಮನೆಯಿಂದ ಮೂರನೆಯ ಮನೆ ಅದು. ಉಮ್ಮಾಲಿಮ್ಮನಿಗೆ ಎಪ್ಪತ್ತೆಂಟು ವರ್ಷ. ನೆಲಕ್ಕೆ ಬಿದ್ದ ಅನ್ನವನ್ನು ಹೆಕ್ಕಿ ತಿನ್ನಬಹುದು, ಅಷ್ಟು ಚೊಕ್ಕ ಆ ಮನೆ. ದಿನಕ್ಕೆ ಎರಡು ಸಲ ಅಂಗಳ ಗುಡಿಸಿಸುತ್ತಾಳೆ; ಮರದಿಂದ ಎಲೆ ಬಿದ್ದರೆ ಮರಕ್ಕೂ ಬೈಯುತ್ತಾಳೆ. ಪಂಕಜಾಕ್ಷಿ ಮದುವೆಯಾಗಿ ಬಂದ ವರ್ಷ, ಮಲಯಾಳ ಬಾರದ ಅವಳನ್ನು ಬಸ್ಸಿನಲ್ಲಿ ಕಾಸರಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹೆರಿಗೆ ಮಾಡಿಸಿ ತಂದವಳು ಈ ಉಮ್ಮಾಲಿಮ್ಮ. ಅವಳ ಮೊಮ್ಮಗಳು ಸಫ್ನಾ. ಸಫ್ನಾಗೆ ನಾಯ್ಮಾರ್ಮೂಲೆಯ ಫಸಲ್ ಎಂಬ ಹುಡುಗನ ಜೊತೆ ಮಾತಾಗಿತ್ತು. ಅವನು ಶಾರ್ಜಾದಲ್ಲಿ ಕೆಲಸದಲ್ಲಿದ್ದು ರಜೆಯಲ್ಲಿ ಬಂದಿದ್ದ. ಭಾನುವಾರ ಅವನ ಕಡೆಯ ಹೆಂಗಸರು ಬಂದು ಹುಡುಗಿಯ ಕೈಗೆ ಬಳೆ ತೊಡಿಸುವುದು, ಬುಧವಾರ ಅವನ ವಿಮಾನ. ಭಾನುವಾರ ತಪ್ಪಿದರೆ ಮತ್ತೆ ಅವನ ರಜೆ ಒಂದೂವರೆ ವರ್ಷ ಕಳೆದು.

ಆ ಭಾನುವಾರಕ್ಕೆ ಮೊದಲಿನ ಗುರುವಾರ ಸಫ್ನಾ ಗ್ರೂಪಿಗೆ ಒಂದು ಫೋಟೋ ಹಾಕಿದಳು. ಬಿಳಿ ಕಾಗದದ ಮೇಲೆ ಸತ್ತ ನುಸಿ. ಕಾಲಿನಲ್ಲಿ ಬೆಳ್ಳಗೆ, ಬೆನ್ನಿನಲ್ಲಿ ಬೆಳ್ಳಗೆ.

ಪಂಕಜಾಕ್ಷಿ ಆಗ ಬಸ್ಸಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸರಳು, ಒಂದು ಕೈಯಲ್ಲಿ ಫೋನು, ಕಂಕುಳಲ್ಲಿ ಕೊಡೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಒಂದು ಕ್ಷಣ ಏನೋ ಸರಿಯಿಲ್ಲ ಎನಿಸಿತು. ಒಂದು ಕಾಲಿಗೆ ಮೂರು ಗೆಜ್ಜೆ, ಇನ್ನೊಂದಕ್ಕೆ ಒಂದೂ ಇಲ್ಲ. ಆದರೆ ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಿತ್ತು, ಹಿಂದಿನವಳು ತಳ್ಳುತ್ತಿದ್ದಳು. ಮತ್ತೆ, ಮೂರು ತಿಂಗಳಿನಿಂದ ಒಂದೂ ತಪ್ಪಿರಲಿಲ್ಲವಲ್ಲ. ಬರೆದೇಬಿಟ್ಟಳು: "ಗೆಜ್ಜೆಕಾಲು. ಸಂಶಯ ಇಲ್ಲ."

ಶುಕ್ರವಾರ ಬೆಳಿಗ್ಗೆ ಕೃಷ್ಣಕುಮಾರ ಐದು ಜನರನ್ನು ಕಟ್ಟಿಕೊಂಡು ಉಮ್ಮಾಲಿಮ್ಮನ ಮನೆಗೆ ಬಂದ. ಪಾಪ, ಅವನ ಮುಖದಲ್ಲಿ ಒಂದು ಬೆಳಕಿತ್ತು. ಗೆಜ್ಜೆಕಾಲಿನಲ್ಲಿ ಎರಡು ಬಗೆಯಂತೆ, ಒಂದರ ಬೆನ್ನಿನಲ್ಲಿ ಒಂದೇ ಬಿಳಿ ಗೆರೆ, ಇನ್ನೊಂದರದ್ದು ವೀಣೆಯ ಆಕಾರ. ಈ ಫೋಟೋದಲ್ಲಿ ಗೆರೆಯೂ ಇಲ್ಲ, ವೀಣೆಯೂ ಇಲ್ಲ, ಒಂದು ದೊಡ್ಡ ಬೊಟ್ಟು. "ಚೇಚೀ, ಇದು ಹೊಸ ಜಾತಿ ಆಗಿರಬಹುದು, ನಾನು ಮೇಲಿನ ಆಫೀಸಿಗೆ ಕಳಿಸಿದ್ದೇನೆ" ಎಂದು ಜೊತೆಗೆ ಬಂದಿದ್ದ ಪಂಕಜಾಕ್ಷಿಯ ಕಿವಿಯಲ್ಲಿ ಹೇಳಿದ. ಪಂಕಜಾಕ್ಷಿಗೂ ಒಳಗೊಳಗೆ ಹಿಗ್ಗಾಯಿತು, ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ ಹೇಳಿದಳು.

ಫ್ರಿಜ್ಜನ್ನು ಎಳೆದರು. ಹಿಂದಿನ ತಟ್ಟೆ ಕನ್ನಡಿಯ ಹಾಗೆ ಒಣಗಿತ್ತು. ಟೆರೇಸಿಗೆ ಹತ್ತಿದರು, ಟ್ಯಾಂಕಿಗೆ ಬಟ್ಟೆ ಕಟ್ಟಿತ್ತು. ಹೂವಿನ ಚಟ್ಟಿ ಇಲ್ಲ, ಹಳೆಯ ಟಯರ್ ಇಲ್ಲ. ಕೋಳಿಗೆ ನೀರಿಡುವ ಪಾತ್ರೆಯನ್ನು ಕೂಡ ಉಮ್ಮಾಲಿಮ್ಮ ಬೂದಿ ಹಾಕಿ ತಿಕ್ಕಿಸಿದ್ದಳು. ಒಂದು ಚಮಚ ನೀರು ಎಲ್ಲೂ ನಿಂತಿರಲಿಲ್ಲ. ಉಮ್ಮಾಲಿಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲನ್ನೂ ನೋಡುತ್ತಿದ್ದಳು.

"ಹುಡುಕಿ, ಹುಡುಕಿ. ನನ್ನ ಬಾಯಿಯೊಳಗೂ ನೀರುಂಟು, ಬೇಕಾದ್ರೆ ಅಲ್ಲೂ ನೋಡಿ."

ಕೊನೆಗೆ ಕಟ್ಟಳೆ ಎಂದು ಹೊಗೆ ಹಾಕಿ ಹೋದರು. ನಿಶ್ಚಯಕ್ಕೆಂದು ಒಗೆದು ಹಾಕಿದ್ದ ಪರದೆಗಳಿಗೆಲ್ಲ ಸೀಮೆಎಣ್ಣೆಯ ವಾಸನೆ. ಪಂಕಜಾಕ್ಷಿ ಏನೋ ಹೇಳಲು ಹತ್ತಿರ ಹೋದರೆ ಉಮ್ಮಾಲಿಮ್ಮ ಮುಖ ತಿರುಗಿಸಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನ ಪುರುಷೋತ್ತಮ ಊಟಕ್ಕೆ ಬಂದ, ಸುದ್ದಿಯೂ ಬಂತು. "ಗೊತ್ತುಂಟಾ? ಫಸಲ್‌ನ ಮನೆಯಲ್ಲಿ ವಿಷಯ ಗೊತ್ತಾಗಿದೆ. ಅವನ ಅಕ್ಕ ಎಂಟು ತಿಂಗಳ ಬಸುರಿ. ಡೆಂಗಿ ನುಸಿ ಇರುವ ಮನೆಗೆ ಹೆಣ್ಣುಮಕ್ಕಳನ್ನು ಹೇಗೆ ಕರ್ಕೊಂಡು ಹೋಗುದು ಅಂತ ಕೇಳ್ತಿದ್ದಾರೆ. ಭಾನುವಾರ ಬರುದು ಸಂಶಯ."

"ಅವರಿಗೆ ಯಾರು ಹೇಳಿದ್ದು?"

ಪುರುಷೋತ್ತಮ ಮೀನಿನ ಮುಳ್ಳನ್ನು ಬಹಳ ಗಮನ ಕೊಟ್ಟು ತೆಗೆಯತೊಡಗಿದ. "ಸ್ಟ್ಯಾಂಡಿನಲ್ಲಿ ಯಾರೋ..."

"ಯಾರೋ ಅಲ್ಲ. ನೀವೇ."

"ನಿನ್ನ ಹೊಗಳ್ಲಿಕ್ಕೆ ಹೇಳಿದ್ದು ಮಾರಾಯ್ತಿ! ನನ್ನ ಹೆಂಡತಿ ಹೊಸ ಜಾತಿ ಕಂಡುಹಿಡಿದಳು ಅಂತ!"

ಅಂದು ಅವನಿಗೆ ಎರಡನೆಯ ಸಲ ಅನ್ನ ಬಡಿಸಲಿಲ್ಲ.

ಶನಿವಾರ ಬೆಳಿಗ್ಗೆ ಪಂಕಜಾಕ್ಷಿ ಒಬ್ಬಳೇ ಉಮ್ಮಾಲಿಮ್ಮನ ಮನೆಗೆ ಹೋದಳು. ಅವಳ ಲೆಕ್ಕ ಹೀಗಿತ್ತು: ಗೆಜ್ಜೆಕಾಲು ಇದೆಯೆಂದ ಮೇಲೆ ನೀರು ಇರಲೇಬೇಕು. ಆ ನೀರನ್ನು ಹುಡುಕಿ ಚೆಲ್ಲಿದರೆ, ಈ ಮನೆಯಲ್ಲಿ ಇನ್ನು ಭಯವಿಲ್ಲ ಎಂದು ತಾನೇ ಫಸಲ್‌ನ ಮನೆಗೆ ಹೋಗಿ ಹೇಳಬಹುದು. ಉಮ್ಮಾಲಿಮ್ಮ ಜಗಲಿಯಲ್ಲಿ ಎಲೆಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದಳು. ಸಫ್ನಾ ಚಾ ತಂದಿಟ್ಟಳು. ಅಜ್ಜಿಗೆ ಸಿಟ್ಟಿದ್ದರೂ ಮನೆಗೆ ಬಂದವರಿಗೆ ಚಾ ತಪ್ಪುವುದಿಲ್ಲ ಆ ಮನೆಯಲ್ಲಿ, ಸಕ್ಕರೆ ಮಾತ್ರ ತಪ್ಪಿತ್ತು.

"ಉಮ್ಮಾ, ಇನ್ನೊಂದು ಸಲ ಹಿಂದಿನ ಕಡೆ ನೋಡ್ತೇನೆ."

ಉಮ್ಮಾಲಿಮ್ಮ ಕಂಬಕ್ಕೆ ಹೇಳಿದಳು: "ನೋಡಲಿ. ನಾನು ಕರ್ಕೊಂಡು ಹೋಗಿ ಹೆರಿಗೆ ಮಾಡಿಸಿದವಳು ನನ್ನ ಮನೆಯಲ್ಲಿ ಕೊಳೆ ಹುಡುಕ್ತಾಳೆ. ಹುಡುಕಲಿ."

"ಹಾಗೆ ಹೇಳಬೇಡಿ ಉಮ್ಮಾ."

"ಫಸಲ್ ಬುಧವಾರ ಹೋಗ್ತಾನೆ. ಇನ್ನು ಬರುದು ಒಂದೂವರೆ ವರ್ಷಕ್ಕೆ. ಆಗ ನಾನು ಎಲ್ಲಿರ್ತೇನೆ? ಮಣ್ಣಿನ ಅಡಿಯಲ್ಲಿ. ಅಲ್ಲಿಗೂ ನಿನ್ನ ಹೊಗೆ ಮೆಷಿನ್ ತಕೊಂಡು ಬಾ."

ಹೇಳುತ್ತಲೇ ವೀಳ್ಯದೆಲೆಯ ಹಿಂಬದಿಗೆ ತೋರುಬೆರಳಿನಿಂದ ಸುಣ್ಣ ಸವರುತ್ತಿದ್ದಳು. ಅಷ್ಟರಲ್ಲಿ ಅವಳ ಎಡ ಮೊಣಕೈಯ ಮೇಲೊಂದು ನುಸಿ ಬಂದು ಕೂತಿತು. ಉಮ್ಮಾಲಿಮ್ಮ ಬಲಗೈಯಿಂದ ಪಟ್ಟನೆ ಹೊಡೆದು, ಎರಡು ಬೆರಳಿನಲ್ಲಿ ಹಿಡಿದು, ಪಂಕಜಾಕ್ಷಿಯ ಮುಂದೆ ಕಾಗದದ ಮೇಲೆ ಉದುರಿಸಿದಳು. "ತಕೋ. ನಿನ್ನ ಗೆಜ್ಜೆಕಾಲಿನವಳ ತಂಗಿ."

ಪಂಕಜಾಕ್ಷಿ ಫೋನಿಗೆ ಭೂತಗನ್ನಡಿ ಕಚ್ಚಿಸಿ ನೋಡಿದಳು. ಕಾಲಿನಲ್ಲಿ ಬೆಳ್ಳಗೆ! ಬೆನ್ನಿನಲ್ಲಿ ಒಂದು ಬೊಟ್ಟು! ಅದೇ ಹೊಸ ಜಾತಿ! ಮತ್ತೊಮ್ಮೆ ನೋಡಿದಳು. ಒಂದು ಕಾಲಿಗೆ ಎರಡು ಗೆಜ್ಜೆ, ಮಿಕ್ಕ ಕಾಲುಗಳಿಗೆ ಇಲ್ಲ. ಯೋಚನೆ ಮಾಡುವ ಮೊದಲೇ ಅವಳ ಕೈ ತನ್ನ ಹದಿನೇಳು ವರ್ಷದ ಕೆಲಸ ಮಾಡಿಬಿಟ್ಟಿತು. ಕಿರುಬೆರಳಿನ ಉಗುರಿನ ತುದಿಯಿಂದ ಮೆಲ್ಲನೆ ಒಂದು ಕೆರೆತ.

ಗೆಜ್ಜೆ ಕಳಚಿ ಬಿತ್ತು. ಅಡಿಯಲ್ಲಿ ಬರೀ ಕಂದು ಕಾಲು. ಬೆನ್ನಿನ ಬೊಟ್ಟೂ ಎದ್ದು ಬಂತು. ಉಳಿದದ್ದು ಬಣ್ಣವೂ ಇಲ್ಲದ, ಬೆಡಗೂ ಇಲ್ಲದ, ಚರಂಡಿಯ ಗೂನಿ. ಪಂಕಜಾಕ್ಷಿ ಉಗುರನ್ನು ನಾಲಗೆಗೆ ಮುಟ್ಟಿಸಿ ನೋಡಿದಳು. ಚುರುಕ್ ಎಂದಿತು.

"ಉಮ್ಮಾ, ಗುರುವಾರದ ನುಸಿಯನ್ನು ಹೊಡೆದದ್ದು ಯಾರು?"

"ನಾನೇ. ಇಲ್ಲಿಯೇ ಕೂತು. ಸಫ್ನಾ ಫೋಟೋ ತೆಗೆದದ್ದು."

"ಎಲೆ ಹಾಕ್ತಾ ಇದ್ರಾ?"

"ನಾನು ಯಾವಾಗ ಎಲೆ ಹಾಕುದಿಲ್ಲ?"

ಪಂಕಜಾಕ್ಷಿ ಉಮ್ಮಾಲಿಮ್ಮನ ಬಲಗೈ ಹಿಡಿದು ತೋರುಬೆರಳನ್ನು ಎತ್ತಿ ಅವಳಿಗೇ ತೋರಿಸಿದಳು. ಉಮ್ಮಾಲಿಮ್ಮ ತನ್ನ ಬೆರಳ ತುದಿಯ ಸುಣ್ಣ ನೋಡಿದಳು, ಕಾಗದದ ಮೇಲಿನ ನುಸಿ ನೋಡಿದಳು, ಮತ್ತೆ ಬೆರಳು ನೋಡಿದಳು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ಆಮೇಲೆ ನಗು ತಡೆಯಲಾರದೆ ಎಲೆಯ ರಸವೆಲ್ಲ ಅಂಗಳಕ್ಕೆ, ಎರಡು ಸಲ ಗುಡಿಸಿದ ಅಂಗಳಕ್ಕೆ.

"ಯಾ ಅಲ್ಲಾ! ನುಸಿಗೆ ಗೆಜ್ಜೆ ಹಾಕಿದ್ದು ನಾನೇ!"

ಸಫ್ನಾ ಒಳಗಿನಿಂದ ಓಡಿ ಬಂದಳು. ಮೂವರೂ ನಕ್ಕರು. ಮೊದಲು ನಗು ನಿಂತದ್ದು ಸಫ್ನಾಳದ್ದು. "ಪಂಕಜಾಕ್ಕ, ಈಗ ಅವರಿಗೆ ಯಾರು ಹೇಳುದು?"

ಪಂಕಜಾಕ್ಷಿ ನುಸಿಯನ್ನು ಕಾಗದದಲ್ಲಿ ಮಡಚಿಕೊಂಡು ಮನೆಗೆ ಬಂದಳು. ಬೆಳಗಿನ ಬಾಡಿಗೆ ಮುಗಿಸಿ ಬಂದಿದ್ದ ಪುರುಷೋತ್ತಮನಿಗೆ ಎಲ್ಲ ಹೇಳಿದಳು. ಅವನು ಈ ಸಲ ನಗಲಿಲ್ಲ. ಒಂದು ದಾರಿ ಹುಡುಕಿದ.

"ತಪ್ಪಾಯ್ತು ಅಂತ ಹೇಳ್ಬೇಡ. ಹೊಗೆ ಹಾಕಿ ಆಯ್ತು, ನುಸಿ ಸತ್ತಿತು, ಈಗ ಮನೆ ಕ್ಲೀನ್ ಅಂತ ಗ್ರೂಪಿಗೆ ಹಾಕು. ಅವರ ಮರ್ಯಾದೆಯೂ ಉಳಿಯಿತು, ನಿನ್ನ ಮರ್ಯಾದೆಯೂ ಉಳಿಯಿತು."

ಚಂದದ ದಾರಿಯೇ. ಆದರೆ ಆ ದಾರಿಗೆ ಅಡ್ಡ ಕಲ್ಲು ಇಟ್ಟವಳು ಪಂಕಜಾಕ್ಷಿಯೇ. ಗೆಜ್ಜೆಕಾಲಿನ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ, ನುಸಿ ಸತ್ತಿತೆಂದು ಮೈಮರೆಯಬೇಡಿ ಎಂದು ಮನೆಮನೆಯ ಹೆಂಗಸರಿಗೆ ಬಾಯಿಪಾಠ ಮಾಡಿಸಿದ್ದಳು. ಆ ಪಾಠ ನಾಯ್ಮಾರ್ಮೂಲೆಗೂ ಮುಟ್ಟಿ, ಫಸಲ್‌ನ ಅಕ್ಕನಿಗೂ ಗೊತ್ತಿತ್ತು. ಒಮ್ಮೆ ಗೆಜ್ಜೆಕಾಲು ಬಂದ ಮನೆ ಎಂದರೆ ಮುಗಿಯಿತು. ಬರಲೇ ಇಲ್ಲ ಎಂದರೆ ಮಾತ್ರ ಉಮ್ಮಾಲಿಮ್ಮನ ಮನೆ ಗೆದ್ದಿತು.

"ಹೇಳಿದ್ರೆ ಜನ ನಗ್ತಾರೆ" ಎಂದ ಪುರುಷೋತ್ತಮ.

"ನಗಲಿ. ಅದಕ್ಕಲ್ಲ ನಾನು ಹೆದರುದು. ನಾಳೆ ನಿಜವಾದ ಗೆಜ್ಜೆಕಾಲು ಬಂದಾಗಲೂ 'ಓ, ಸುಣ್ಣ ಇರಬಹುದು' ಅಂತ ಹೇಳಿ ಬಕೆಟ್ ಬೋರಲು ಹಾಕದಿದ್ರೆ? ಈ ಮೂರು ತಿಂಗಳು ನಾನು ಬಾಯಿ ಒಣಗಿಸಿದ್ದೆಲ್ಲ ನೀರಿಗೆ ಹೋಯ್ತಲ್ಲ."

"ಹಾಗಾದ್ರೆ ಹೇಳ್ಬೇಡ."

"ಹೇಳದಿದ್ರೆ ಉಮ್ಮನ ಮುಖ ಹೇಗೆ ನೋಡುದು?"

ಪುರುಷೋತ್ತಮ ಆಟೋದ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತ.

ಆಶಾ ಕೆಲಸದ ಚೀಲ ಹೆಗಲಿಗೇರಿಸಿ ಪಂಕಜಾಕ್ಷಿ ಮೊದಲು ಆರೋಗ್ಯ ಕೇಂದ್ರಕ್ಕೆ ಹೋದಳು. ಕೃಷ್ಣಕುಮಾರ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಕುರ್ಚಿಗೆ ಒರಗಿದ. "ಗೂನಿಯೇ ಚೇಚೀ" ಎಂದ, ಅವನೂ ಅಷ್ಟರಲ್ಲಿ ಇಂಗ್ಲಿಷ್ ಹೆಸರು ಬಿಟ್ಟಿದ್ದ. ಮತ್ತೆ ಸಣ್ಣ ಸ್ವರದಲ್ಲಿ, "ನಾನು ಮೇಲೆ ಬರೆದು ಕಳಿಸಿದ್ದೆ. ಕಾಸರಗೋಡಿನ ಹೊಸ ಜಾತಿ, ಬೆನ್ನಿನಲ್ಲಿ ಬೊಟ್ಟು ಅಂತ."

"ನಿಮ್ಮದನ್ನು ನೀವು ಬರೆಯಿರಿ ಸಾರ್. ನನ್ನದನ್ನು ನಾನು ಹೇಳ್ತೇನೆ."

ವಾಪಸು ಉಮ್ಮಾಲಿಮ್ಮನ ಜಗಲಿಗೇ ಬಂದು ಕೂತಳು. ಅಷ್ಟು ಉದ್ದ ಬರೆಯಲು ಬೆರಳು ಓಡಲಿಲ್ಲ. ಫೋನಿನ ಮೈಕ್ ಒತ್ತಿ ಹಿಡಿದು ಮಾತಾಡಿದಳು. ಆ ವಾಯ್ಸ್ ಮೆಸೇಜ್ ನನ್ನ ಕಿವಿಯಲ್ಲಿ ಈಗಲೂ ಇದೆ.

"ನಾನು ಪಂಕಜಾಕ್ಷಿ ಮಾತಾಡುದು. ಗುರುವಾರ ಉಮ್ಮಾಲಿಮ್ಮನ ಮನೆಯ ನುಸಿಗೆ ಗೆಜ್ಜೆಕಾಲು, ಸಂಶಯ ಇಲ್ಲ ಅಂತ ಬರೆದೆನಲ್ಲ, ಅದು ತಪ್ಪು. ಸಂಶಯ ಇತ್ತು, ನಾನೇ ಬಸ್ಸಿನ ಅವಸರದಲ್ಲಿ ನುಂಗಿದೆ. ಅದು ಗೂನಿ. ಕಾಲಿಗಿದ್ದದ್ದು ಸುಣ್ಣ, ಎಲೆಗೆ ಹಾಕುವ ಸುಣ್ಣ. ಆ ಮನೆಯಲ್ಲಿ ಒಂದು ಹನಿ ನೀರೂ ನಿಂತಿರಲಿಲ್ಲ, ಐದು ಜನ ನೋಡಿದ್ದಾರೆ. ನೆಕ್ರಾಜೆಯಲ್ಲಿ ಇಷ್ಟು ಚೊಕ್ಕ ಮನೆ ಬೇರೆ ಇಲ್ಲ, ನನ್ನದೂ ಸೇರಿ..."

ಮಧ್ಯದಲ್ಲಿ ಕೋಳಿಯ ಕೂಗು. ಹಿಂದಿನಿಂದ ಉಮ್ಮಾಲಿಮ್ಮನ ಸ್ವರ: "ಪರದೆ ಒಗೆಯಬೇಕಾಯ್ತು ಅಂತಲೂ ಹೇಳು!"

"ಹಾಂ, ಪರದೆಯೂ ಒಗೆಯಬೇಕಾಯ್ತು. ಅದೂ ನನ್ನದೇ ತಪ್ಪು. ಆದರೆ ಹಿಂದಿನ ಮೂರು ಮನೆಯದ್ದು ತಪ್ಪಲ್ಲ. ನಾಳೆ ಭಾನುವಾರ. ಎಲ್ಲರೂ ನೀರು ಚೆಲ್ಲಿ. ಸುಣ್ಣದ ನೆಪ ಹೇಳಬೇಡಿ."

ಕಳಿಸಿದಳು. ಫೋನನ್ನು ಮಗುಚಿ ಇಟ್ಟಳು. ಆಮೇಲೆ ಟಿಣ್ ಟಿಣ್ ಟಿಣ್, ನಗುವ ಮುಖಗಳ ಸಾಲು. ಅನ್ನಪೂರ್ಣೇಶ್ವರಿ ಟೀಚರ್ ಒಂದು ಗುಲಾಬಿ ಹಾಕಿದರು. ಪಂಕಜಾಕ್ಷಿ ನೋಡಲಿಲ್ಲ. ಉಮ್ಮಾಲಿಮ್ಮ ಅವಳ ಚಾಕ್ಕೆ ಎರಡು ಚಮಚ ಸಕ್ಕರೆ ಹಾಕಿ, ತಿರುಗಿಸಿ, ಕೈಗೆ ಕೊಟ್ಟಳು.

ಅದು ನಾಯ್ಮಾರ್ಮೂಲೆಗೆ ಹೇಗೆ ತಲುಪಿತೆಂದು ಕೇಳಬೇಡ. ಪುರುಷೋತ್ತಮ ಇದ್ದಾನಲ್ಲ. ಅವನ ಬಾಯಿ ಆ ದಿನ ಒಂದು ಒಳ್ಳೆಯ ಕೆಲಸ ಮಾಡಿತು. ಅವನು ಫಸಲ್‌ನ ಮನೆಯ ಗೇಟಿನಲ್ಲಿ ಆಟೋ ನಿಲ್ಲಿಸಿ, ಮನೆಯವರನ್ನೆಲ್ಲ ಹೊರಗೆ ಕರೆದು, ಹೆಂಡತಿಯ ಮೆಸೇಜನ್ನು ದೊಡ್ಡ ಸ್ವರದಲ್ಲಿ ಹಾಕಿದ. ಅಕ್ಕ ಅನುಮಾನದಿಂದಲೇ ಕೇಳಿದಳು. ಫಸಲ್‌ನ ಅಜ್ಜಿಯೂ ಎಲೆ ಹಾಕುವವಳೇ. ಅವಳು ಎರಡನೆಯ ಸಲ ಹಾಕಿಸಿದಳು, ಮೂರನೆಯ ಸಲ ಹಾಕಿಸಿದಳು, ತನ್ನ ಬೆರಳನ್ನೇ ನೋಡಿಕೊಂಡಳು.

"ನುಸಿಗೂ ಅಲಂಕಾರ ಮಾಡಿ ಕಳಿಸುವ ಮನೆ. ಅಲ್ಲಿಗೆ ಹೋಗದೆ ಮತ್ತೆ ಎಲ್ಲಿಗೆ ಹೋಗುದು?" ಎಂದಳು. "ತಪ್ಪಾಯ್ತು ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳುವ ನೆರೆಯವರು ಯಾರಿಗೆ ಸಿಗ್ತಾರೆ?"

ಭಾನುವಾರ ಹನ್ನೊಂದು ಗಂಟೆಗೆ ಎರಡು ಆಟೋಗಳಲ್ಲಿ ಏಳು ಹೆಂಗಸರು ಬಂದರು. ಅಕ್ಕ ಮೈತುಂಬ ಬಟ್ಟೆ ಹೊದ್ದು, ಮೈಗೆಲ್ಲ ನುಸಿಯ ಎಣ್ಣೆ ಹಚ್ಚಿ ಬಂದಳು, ಅದೂ ಸರಿಯೇ. ಸಫ್ನಾಳ ಕೈಗೆ ಬಳೆ ಬಿತ್ತು. ಉಮ್ಮಾಲಿಮ್ಮ ಪಂಕಜಾಕ್ಷಿಯನ್ನು ರಟ್ಟೆ ಹಿಡಿದು ತಂದು ಫಸಲ್‌ನ ಅಜ್ಜಿಯ ಮುಂದೆ ನಿಲ್ಲಿಸಿದಳು. "ನನ್ನ ಮನೆಗೆ ಹೊಗೆ ಹಾಕಿಸಿದವಳು ಇವಳೇ. ನೀವು ಇವತ್ತು ಬಂದದ್ದು ಇವಳಿಂದಲೇ. ಬೈಯುದಾದ್ರೆ ಊಟ ಆದ ಮೇಲೆ ಬೈಯಿರಿ, ಬಿರಿಯಾನಿ ತಣ್ಣಗಾಗ್ತದೆ."

ಇನ್ನು ತನಗೆ ಯಾರೂ ಫೋಟೋ ಕಳಿಸಲಿಕ್ಕಿಲ್ಲ ಎಂದುಕೊಂಡೇ ಪಂಕಜಾಕ್ಷಿ ಸೋಮವಾರ ಬೆಳಿಗ್ಗೆ ಫೋನ್ ತೆರೆದಳು. ಮೂವತ್ತೊಂದು ನುಸಿಗಳು ಬಂದಿದ್ದವು. ಪ್ರತಿಯೊಂದರ ಕೆಳಗೂ ಒಂದೇ ಸಾಲು: "ಕೈ ಸೋಪು ಹಾಕಿ ತೊಳೆದಿದ್ದೇನೆ." ಒಬ್ಬರು ತೊಳೆದ ಕೈಯ ಫೋಟೋವನ್ನೂ ಹಾಕಿದ್ದರು. ಭಾನುವಾರ ಇಡೀ ವಾರ್ಡು ನೀರು ಚೆಲ್ಲಿತ್ತು. ಅವಳ ತಪ್ಪನ್ನು ಕೇಳಿ ನಕ್ಕವರೆಲ್ಲ ಕೊನೆಯ ಮಾತನ್ನೂ ಕೇಳಿದ್ದರು.

ಪಂಕಜಾಕ್ಷಿ ಮಾತ್ರ ಅಂದಿನಿಂದ ಒಂದು ಹೊಸ ಕ್ರಮ ಮಾಡಿದಳು. ಫೋಟೋದಲ್ಲಿ ಬೆಳ್ಳಗೆ ಕಂಡರೆ ತೀರ್ಪಿಲ್ಲ. ಆ ನುಸಿಯನ್ನೇ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಅವಳಲ್ಲಿಗೆ ಮುಟ್ಟಿಸಬೇಕು. ಅವಳು ಉಗುರಿನಿಂದ ಕೆರೆದು ನೋಡಿದ ಮೇಲೆಯೇ ಗೆಜ್ಜೆ ನಿಜವೋ ಅಲ್ಲವೋ ಎಂದು ಹೇಳುವುದು. ಅವಳ ಕಿಟಕಿಯಲ್ಲಿ ಹೆಸರು ಬರೆದ ಬೆಂಕಿಪೆಟ್ಟಿಗೆಗಳ ಸಾಲೇ ಇದೆ. ಪುರುಷೋತ್ತಮ ಬೀಡಿ ಹಚ್ಚಲು ಯಾವುದನ್ನು ತೆರೆದರೂ ಒಳಗೆ ಉಮ್ಮಾಲಿಮ್ಮನೋ ಟೀಚರೋ ಕೊಟ್ಟ ನುಸಿ. ಬೀಡಿಯನ್ನೇ ಕಡಿಮೆ ಮಾಡಿದ್ದಾನೆಂದು ಕೇಳಿದೆ.

ಅದಕ್ಕೇ ಹೇಳುವುದು, ಏಳು ಈಗ. ಆ ರೇಡಿಯೋದ ಮೇಲೆ ಒಂದು ಬೆಂಕಿಪೆಟ್ಟಿಗೆ ಇದೆ, ತೆಗೆದುಕೋ. ಅಲ್ಲಾಡಿಸಬೇಡ, ಕಾಲು ಮುರಿದೀತು. ಬೆಳಿಗ್ಗೆ ದೇವರ ಕೋಣೆಯಲ್ಲಿ ಸಿಕ್ಕಿದ್ದು, ನನ್ನ ಕಣ್ಣಿಗೆ ಗೆಜ್ಜೆಯೇ ಕಂಡಿತು. ಹೋಗುವ ದಾರಿಯಲ್ಲಿ ಪಂಕಜಾಕ್ಷಿಯ ಕೈಗೇ ಕೊಡು, ಪುರುಷೋತ್ತಮನ ಕೈಗೆ ಬೇಡ. ಪೇಪರಿನಿಂದ ಹೊಡೆದದ್ದು, ಇವತ್ತು ಇನ್ನೂ ಎಲೆ ಹಾಕಿಲ್ಲ ಎಂದು ಹೇಳು. ಉಪ್ಪಿನಕಾಯಿಯ ವಿಷಯ ಮಾತ್ರ ಎತ್ತಬೇಡ.